ಹಿತಕ್ಕೆ ಎಷ್ಟು ಅಂಕ

ಬೆಳಗಿನ ಆರೂಕಾಲು. ಅಬುಧಾಬಿಯ ಅಂಚಿನಲ್ಲಿ
ಕಾಂಡ್ಲಾ ಕಾಡಿನ ಮೇಲೆ ಹಾಸಿದ ಹಲಗೆದಾರಿ.
ಮುಕ್ಕಾಲಿ ಬಿಚ್ಚಿ ನಿಲ್ಲಿಸುತ್ತೇನೆ.
ಬಿಸಿಲು ನುಂಗುವ ಕರಿಗುಂಡು ಒಂದು,
ಬೆವರಿನ ಪರ ಸಾಕ್ಷಿ ಹೇಳುವ ಒದ್ದೆ ಬತ್ತಿ ಒಂದು,
ಮೂರು ಬಟ್ಟಲಿನ ಗಾಳಿಚಕ್ರ, ಅದು ಮಾತ್ರ
ಸೊಲ್ಲೆತ್ತದೆ ನಿಂತಿದೆ.

ಕಂಪನಿಯ ಪ್ರಕಾರ ನನ್ನ ಕೆಲಸ ಸುಲಭ:
ಕಾಡು ನೋಡಬಂದವರನ್ನು ತಡೆದು
"ಇಲ್ಲಿ ನಿಮಗೆ ಹಿತವೇ?" ಎಂದು ಕೇಳುವುದು,
ಒಂದರಿಂದ ಐದರೊಳಗೆ ಅಂಕ ಹಾಕಿಸುವುದು.

ಹಿತವೆಂದರೇನು ಎಂದು ಯಾರೂ ತಿರುಗಿ ಕೇಳಿಲ್ಲ,
ಸದ್ಯ.
ಅಘನಾಶಿನಿಯ ಅಳಿವೆಯಲ್ಲಿ ಸೊಂಟಮಟ್ಟ ನೀರಲ್ಲಿ
ಬೆಳಚು ಹೆಕ್ಕುತ್ತಿದ್ದ ನಮ್ಮ ಸಣ್ಣತ್ತೆ
ಬುಟ್ಟಿ ದಡಕ್ಕಿಟ್ಟು ಬೆನ್ನು ನೆಟ್ಟಗೆ ಮಾಡುವಾಗ
"ಹಾಂ" ಎನ್ನುತ್ತಿದ್ದಳು.
ಆ "ಹಾಂ"ಗೆ ಎಷ್ಟು ಕೊಡಲಿ?

ಜರ್ಮನಿಯ ದಂಪತಿ ಟೋಪಿಯಡಿ ಕೆಂಪಾಗಿ
ಐದಕ್ಕೆ ಐದು ಕೊಟ್ಟು ಕ್ಷಮೆ ಕೇಳಿದವರಂತೆ ನಕ್ಕರು.
ಹೈದರಾಬಾದಿನ ಅಪ್ಪ ನಾಲ್ಕು ಕೊಟ್ಟ,
ಫೋನಿನ ಸಿಗ್ನಲ್ಲಿಗಂತೆ.
ರಾತ್ರಿಪಾಳಿ ಮುಗಿಸಿ ನೇರ ಬಂದ ಮನಿಲಾದ ನರ್ಸು
ಬೂದುಕೊಕ್ಕರೆಯನ್ನು ಬಹಳ ಹೊತ್ತು ನೋಡಿ
ಎರಡು ಗೀಚಿದಳು: "ಕೂರುವುದೆಲ್ಲಿ?"
ಕಂದೂರ ಎತ್ತಿ ಹಿಡಿದು ಬಂದ ಮುದುಕರೊಬ್ಬರು
ಅಂಕ ಹಾಕಲಿಲ್ಲ.
"ಈ ಎಲೆ ನಮ್ಮ ಒಂಟೆಗಳು ತಿನ್ನುತ್ತಿದ್ದವು.
ಹಿತವನ್ನು ಅವುಗಳ ಹತ್ತಿರ ಕೇಳಬೇಕಿತ್ತು,
ತಡವಾಯಿತು ಮಗಳೇ."

ಕೂರಲು ಬೆಂಚುಗಳಿವೆ, ಇಲ್ಲವೆಂದಲ್ಲ.
ನಕ್ಷೆಯಲ್ಲಿ ಎಲ್ಲಿ ಚೆಂದವೋ ಅಲ್ಲಿ, ಉಕ್ಕಿನವು.
ಹತ್ತು ಗಂಟೆಗೆ ಒಂದರ ಮೇಲೆ ಕೈಯಿಟ್ಟೆ,
ಕಾವಲಿಯಿಂದ ತೆಗೆದ ಹಾಗೆ ತೆಗೆದೆ.

ಮೊಫಿಜುಲ್ ನಕ್ಕ. ಹಲಗೆ ಗುಡಿಸುವವನು,
ಸಾತ್‌ಖೀರಾ ಕಡೆಯವನು, ಈ ಗಿಡಕ್ಕೆ ಬಾಯೆನ್ ಎನ್ನುತ್ತಾನೆ.
ಅವನಿಗೊಂದು ನೀಲಿ ಪ್ಲಾಸ್ಟಿಕ್ ಕುರ್ಚಿ,
ಮುರಿದ ಕಾಲಿಗೆ ತಂತಿ ಸುತ್ತಿದ್ದು.
ಏಳಕ್ಕೆ ಸೇತುವೆಯ ಬುಡದಲ್ಲಿ, ಒಂಬತ್ತಕ್ಕೆ ತಿರುವಿನಲ್ಲಿ,
ಹನ್ನೊಂದಕ್ಕೆ ಯಾರೂ ಹೋಗದ ಮೂಲೆಯಲ್ಲಿ.
ಆರು ವರ್ಷ ಎಳೆದೂ ಎಳೆದೂ
ಹಲಗೆಯಲ್ಲಿ ನಾಲ್ಕು ನಾಲ್ಕು ಸಣ್ಣ ಗುಳಿ.

ಅವನಿಗೆ ಫಾರಂ ಕೊಡುವಂತಿರಲಿಲ್ಲ.
ಪ್ರವಾಸಿ, ನಿವಾಸಿ: ಎರಡೇ ಚೌಕ.
ಮುಕ್ಕಾಲಿಯನ್ನು ಎತ್ತಿ ಗುಳಿಗಳ ಪಕ್ಕ ಇಟ್ಟೆ.
ಬಟ್ಟಲುಗಳು ಮೆಲ್ಲಗೆ ತಲೆಯಾಡಿಸಿದವು,
ಮತ್ತೆ ತಿರುಗತೊಡಗಿದವು.
ನಾಲ್ಕು ಡಿಗ್ರಿ ಕಡಿಮೆ.
ಹಿನ್ನೀರಿನ ಕಾಲುವೆಗುಂಟ ಬರುವ ಗಾಳಿಯ ದಾರಿ
ಉಪಗ್ರಹಕ್ಕೆ ಕಂಡಿರಲಿಲ್ಲ,
ಕೂತವನ ಬೆನ್ನಿಗೆ ಗೊತ್ತಿತ್ತು.

ವರದಿ ಬರೆದೆ. ಹನ್ನೊಂದು ಜಾಗ, ಹನ್ನೊಂದು ಮರದ ಬೆಂಚು,
ಮೇಲೆ ಈಚಲುಗರಿಯ ಚಪ್ಪರ.
"ಆಯ್ಕೆಯ ಆಧಾರ: ಕ್ಷೇತ್ರ ಮಾಪನ."
ಕುರ್ಚಿಯ ಮಾತು ಬರೆದಿದ್ದೆ ಒಂದು ಸಾಲು.
ಮೇಲಿನವರು ತೆಗೆದರು. ನಾನೂ ಸುಮ್ಮನಿದ್ದೆ.

ನವೆಂಬರಿನಲ್ಲಿ ಮರುಮಾಪನಕ್ಕೆ ಬಂದಾಗ
ಸರಾಸರಿ ನಾಲ್ಕೂಕಾಲು. ಎಲ್ಲರಿಗೂ ಖುಷಿ.
ಬೆಂಚುಗಳ ತುಂಬ ಮಂದಿ, ಮಡಿಲಲ್ಲಿ ದುರ್ಬೀನು,
ಆ ನರ್ಸೂ ಇದ್ದಳು, ಕೂತಲ್ಲೇ ನಿದ್ದೆ ಹೋಗಿದ್ದಳು.

"ಕುರ್ಚಿ ಎಲ್ಲಿ?"
"ಹೊಸದರ ಮುಂದೆ ಅದು ಚೆನ್ನಾಗಿ ಕಾಣುವುದಿಲ್ಲವಂತೆ.
ಬೆಂಚು ಬಂದವರಿಗೆ."
ಪೊರಕೆಯ ಹಿಡಿಗೆ ಗಲ್ಲ ಊರಿ ನಿಂತೇ ಹೇಳಿದ,
ದೂರಿನ ದನಿಯಿಲ್ಲ. ಅದೇ ಚುಚ್ಚಿತು.

ಮಧ್ಯಾಹ್ನ ಅವನನ್ನು ಹುಡುಕಿದೆ. ಉಪಕರಣಗಳ ಗೂಡಿನ ಹಿಂದೆ,
ಉಬ್ಬರದ ನೀರು ಹಲಗೆಯನ್ನು ನೆಕ್ಕುವಲ್ಲಿ,
ಗೋಡೆಗೊರಗಿದ್ದ.
ಕಾಲಡಿ ಬೂಟಿನ ಎರಡು ಮಾಸಲು ಗುರುತು
ಆಗಲೇ ಮೂಡತೊಡಗಿದ್ದವು.

ಮುಕ್ಕಾಲಿ ಇಟ್ಟೆ. ಚಕ್ರ ಬಿರುಸಾಗಿ ತಿರುಗಿತು.
ಬೆಂಚುಗಳಿಗಿಂತ ಇಲ್ಲಿ ಇನ್ನೂ ಒಂದೂವರೆ ಡಿಗ್ರಿ ಕಡಿಮೆ.

ಅವನು ನನ್ನ ಪೆನ್ನನ್ನೇ ನೋಡುತ್ತಿದ್ದ.

ಮುಚ್ಚಳ ಹಾಕಿದೆ.